ಒಂಬತ್ತು ಗಜದ ಅಳತೆ

"ಗ್ವಾಡಿ ದಾಟ್ಕೊಂಡ ಬರ್ತಾರೇನ? ಬಾಗಲದಾಗಿಂದ ಬಾ," ಎಂದು ದಾನಮ್ಮ ಗದರಿದರು.

ಶೇವಂತಿ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಗೋಡೆಯೆಂದರೆ ಕರಿಮಣ್ಣಿನ ಮೇಲೆ ಉದ್ದಕ್ಕೆ ಹಾಸಿದ ಒಂದು ಹಸಿರು ಸೀರೆ, ಗಾಳಿಗೆ ಹಾರದಂತೆ ಎರಡೂ ತುದಿಗೆ ಕಲ್ಲು. ಬಾಗಿಲೆಂದರೆ ಆ ಸೀರೆಗೂ ಅದರ ಪಕ್ಕದ ಕೆಂಪು ಸೀರೆಗೂ ನಡುವೆ ಬಿಟ್ಟ ಮೂರು ಹೆಜ್ಜೆ ಜಾಗ. ಅವಳು ಸುತ್ತು ಹಾಕಿ ಅದರೊಳಗಿಂದ ಬಂದಳು.

ಬೆಳಿಗ್ಗೆ ಅತ್ತೆ ಗಂಟು ಹೊತ್ತುಕೊಂಡು, "ಜಾಗಾ ನೋಡೂಣ ನಡಿ," ಎಂದಾಗ ಪೂಜೆಯ ಸಾಮಾನಿರಬೇಕು ಎಂದುಕೊಂಡಿದ್ದಳು. ಬನಹಟ್ಟಿಯ ಅಂಚಿನ ಹೊಸ ಬಡಾವಣೆಗೆ ಬಂದು ಬಿಚ್ಚಿದರೆ ಹನ್ನೆರಡು ಸೀರೆ. ನೇಯ್ಗೆಯಲ್ಲಿ ಎಳೆ ತಪ್ಪಿ, ವ್ಯಾಪಾರಿ ಬೇಡವೆಂದು ಮರಳಿಸಿದ ಡ್ಯಾಮೇಜ್ ಸೀರೆಗಳು. ಕಾಗದದ ಮೇಲಿನ ಗೆರೆ ತನಗೆ ತಿಳಿಯುವುದಿಲ್ಲ, ನೆಲದ ಮೇಲೆ ನೋಡಬೇಕು ಎಂದರು ದಾನಮ್ಮ. ಶೇವಂತಿ ಎಂಜಿನಿಯರನ ನಕಾಶೆ ಹಿಡಿದು ಫೂಟುಗಳನ್ನು ಓದುತ್ತ ಹೋದಳು.

"ಇಪ್ಪತ್ತೇಳು."

"ಅಂದ್ರ ಒಂಬತ್ತ ಗಜ. ಒಂದು ಸೀರಿ."

"ಹದಿಮೂರೂವರಿ."

"ಅರ್ಧಾ ಸೀರಿ."

ಮೂವತ್ತು ವರ್ಷ ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಒಂಬತ್ತು ಗಜದ ಸೀರೆ ನೇಯ್ದ ಕೈ ಅದು. ಟೇಪು ಬೇಕಾಗಲಿಲ್ಲ. ಅರ್ಧ ತಾಸಿನಲ್ಲಿ ಕಬ್ಬಿನ ಹೊಲದ ಪಕ್ಕ ಬಣ್ಣಬಣ್ಣದ ಮನೆಯೊಂದು ಮಲಗಿಕೊಂಡಿತು. ಶೇವಂತಿಗೆ ಅದು ಸಣ್ಣದಾಗಿ ಕಂಡಿತು. ಎರಡು ವರ್ಷದಿಂದ ಎಲ್ಲವೂ ಹಾಗೆ ದೂರದಲ್ಲಿದ್ದಂತೆ ಸಣ್ಣದಾಗಿಯೇ ಕಾಣುತ್ತಿದ್ದುದರಿಂದ ಸುಮ್ಮನಾದಳು.

ಎರಡು ವರ್ಷದ ಹಿಂದೆ ಹಿಪ್ಪರಗಿ ರಸ್ತೆಯಲ್ಲಿ ಕಬ್ಬಿನ ಟ್ರೇಲರಿಗೆ ಬೈಕು ಬಡಿದು ಶೇವಂತಿಯ ಗಂಡ ಬಸವಕುಮಾರ ತೀರಿಹೋದ. ಈ ಜಾಗ ಅವನ ಹೆಸರಿನಲ್ಲಿತ್ತು. ಈಗ ಹೆಂಡತಿಯದೂ ತಾಯಿಯದೂ. ಶೇವಂತಿಗೆ ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ನೌಕರಿ. ಆ ಪಗಾರದ ಮೇಲೆ ಇಪ್ಪತ್ತು ವರ್ಷದ ಸಾಲ ಕೊಡಲು ಬ್ಯಾಂಕು ಒಪ್ಪಿತ್ತು, ಆದರೆ ಜಾಗ ಅವಳೊಬ್ಬಳ ಹೆಸರಿಗೆ ಆಗಬೇಕು. ಅದಕ್ಕೆ ದಾನಮ್ಮ ತಮ್ಮ ಹಕ್ಕು ಬಿಟ್ಟೆನೆಂದು ಜಮಖಂಡಿಯ ರಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಬೇಕು. ಮೊದಲ ಸಲ ಅಮಾವಾಸ್ಯೆ ಅಡ್ಡ ಬಂತು. ಎರಡನೆಯ ಸಲ ಮೊಣಕಾಲು ನೋವು. ಇನ್ನು ಮಂಗಳವಾರ ತಪ್ಪಿದರೆ ಅರ್ಜಿ ವಾಪಸು ಎಂದು ಬ್ಯಾಂಕಿನ ನೀಲಕಂಠ ಫೋನು ಮಾಡಿ ಹೇಳಿದ್ದ. ಮುದುಕಿಗೆ ಜಾಗದ ಆಸೆ ಎಂದು ಶೇವಂತಿಯ ತವರಿನವರು, ಸೊಸೆ ಜಾಗ ಹೊಡೆದುಕೊಂಡು ಹೋಗುತ್ತಾಳೆಂದು ಓಣಿಯವರು. ಶೇವಂತಿ ಅತ್ತೆಯನ್ನು ಏನೂ ಕೇಳಿರಲಿಲ್ಲ. ಕೇಳುವುದನ್ನೇ ಬಿಟ್ಟಿದ್ದಳು.

ಖರ್ಚಿನ ಅಂದಾಜು ಹೇಳಲು ಗೌಂಡಿ ಸಾತಪ್ಪ ಬಂದವನು ಬೈಕಿನ ಮೇಲೆ ಕೂತೇ ನಕ್ಕ. "ಏನ ದಾನಕ್ಕಾ, ಮನಿ ಕಟ್ಟಸ್ತೀರೋ, ಸೀರಿ ಅಂಗಡಿ ಹಚ್ಚೀರೋ?"

"ನಿನ್ನ ಹೆಂಡ್ತಿಗೊಂದ ಒಯ್ಯಿ."

"ಡ್ಯಾಮೇಜ ಸೀರಿ ಒಯ್ದರ ಆಕಿ ನನ್ನ ಕಾಲ ಮುರೀತಾಳ."

ದಾನಮ್ಮ ನಗಲಿಲ್ಲ. ಅವರು ಹಿಂದಿನ ಖೋಲಿಯೊಳಗೆ ಹೋಗಿ ಮಧ್ಯದಲ್ಲಿ ಕುಕ್ಕುರುಗಾಲಲ್ಲಿ ಕೂತು ನಾಲ್ಕೂ ಕಡೆ ನೋಡುತ್ತಿದ್ದರು.

"ಇದು ಯಾರ ಖೋಲಿ?"

"ನಂದ್ರಿ."

"ಒಂದು ಮಂಚ ಹಾಕಿದರ ಮುಗೀತು. ಒಬ್ಬಾಕಿ ಮಲಗೂವಷ್ಟ ನಕಾಶೆ ಬರಸೀಯಲ್ಲ."

"ನಾ ಒಬ್ಬಾಕೆ ಅಲ್ಲೇನ್ರಿ ಅತ್ತಿ?" ಹಾಜರಿ ಕೂಗಿದಷ್ಟು ಸಲೀಸಾಗಿ ಬಂತು ಮಾತು.

ದಾನಮ್ಮ ಎದ್ದು ನಿಂತರು. "ಇದಕ್ಕ ನೋಡು, ಇದಕ್ಕ ನಾ ಸಹಿ ಹಾಕವಲ್ಲೆ. ಇಪ್ಪತ್ತೊಂಬತ್ತು ನಿಂಗ. ಇಪ್ಪತ್ತ ವರ್ಷ ಕಂತ ತುಂಬಿ ಮುಗಸೂದ್ರಾಗ ತಲಿ ಬೆಳ್ಳಗ ಆಗ್ತೈತಿ. ಯಾರ ಸಲುವಾಗಿ? ಈ ಮುದುಕಿ ಸಲುವಾಗಿ? ನಾ ಸಹಿ ಹಾಕದಿದ್ರ ಬ್ಯಾಂಕಿನವರು ಒಲ್ಲೆ ಅಂತಾರ, ನೀ ಬ್ಯಾಸತ್ತು ತವರಮನಿಗೆ ಹೋಗ್ತಿ, ಅವರರ ನಿಂಗೊಂದು ದಾರಿ ಮಾಡ್ತಾರ ಅಂತ ತಿಳಕೊಂಡಿದ್ದೆ. ನೀ ನೋಡಿದರ ಹೋಗವಲ್ಲಿ!"

ಸಾತಪ್ಪ ಬೈಕಿನಿಂದ ಇಳಿದು, ಮಾಡಲು ಏನಾದರೂ ಕೆಲಸವಿದೆಯೇ ಎಂಬಂತೆ ಜೇಬಿನಿಂದ ಟೇಪು ತೆಗೆದ.

ಶೇವಂತಿ ನಕಾಶೆಯನ್ನು ಮಡಿಚಿದಳು. "ಮುಂದ ಯಾರರ ಬರ್ತಾರೋ ಇಲ್ಲೋ ನನಗ ಗೊತ್ತಿಲ್ರಿ ಅತ್ತಿ," ಎಂದಳು. "ಅಲ್ಲೀತನಕ ನಾ ಎಲ್ಲಿ ಇರ್ಲಿ? ತವರಾಗ ಎಲ್ಲಾರೂ ನಾ ಉಣ್ಣೂದನ್ನ ನೋಡ್ಕೋತ ಕೂಡ್ತಾರ. ನೀವು ನೋಡೂದಿಲ್ಲ. ನೀವು ಬೈತೀರಿ. ನನಗ ಇಲ್ಲೇ ಇರಬೇಕಾಗೇತಿ."



"ದಾನಕ್ಕಾ," ಎಂದ ಸಾತಪ್ಪ ನೆಲದಿಂದ ತಲೆ ಎತ್ತದೆ, "ಈ ಖೋಲಿ ಉದ್ದ ಎಷ್ಟಂದ್ರಿ?"

"ಅರ್ಧಾ ಸೀರಿ. ಹದಿಮೂರೂವರಿ ಫೂಟ."

"ಒಂಬತ್ತ ಐತಿ."

"ನಿನ್ನ ಟೇಪ ಹರದೈತಿ, ನೋಡ್ಕೋ."

ಸಾತಪ್ಪ ಆಚೆಯ ಉದ್ದ ಗೋಡೆಯನ್ನೂ ಅಳೆದ. "ಇದು ಹದಿನೆಂಟು. ಅಲ್ರಿ ದಾನಕ್ಕಾ, ಈಗಿನ ಸೀರಿ ಎಲ್ಲಿ ಒಂಬತ್ತ ಗಜ ಅದಾವ? ಆರ ಗಜಕ್ಕ ಕತ್ತರಸ್ತಾರ. ನೀವು ಹಳೇ ಲೆಕ್ಕಾ ಹಿಡದ ಇಡೀ ಮನೀನ ಹಿಂಡೀರಿ!"

ದಾನಮ್ಮ ಬಗ್ಗಿ ಹಸಿರು ಸೀರೆಯ ಸೆರಗು ಹಿಡಿದು ನೋಡಿದರು. ಕೈಮಗ್ಗ ಮಾರಿದ ಮೇಲೆ ಎಂಟು ವರ್ಷದಿಂದ ಪವರ್‌ಲೂಮಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಗಸು. ಇವು ಆರು ಗಜವೆಂದು ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅವರು ಹಣೆ ಬಡಿದುಕೊಂಡು ನೆಲಕ್ಕೆ ಕೂತರು. ನಗು ಬಂದು ಮೈಯೆಲ್ಲ ಕುಲುಕಿತು.

"ಹಂಗಾರ ಕಾಗದದಾಗ ದೊಡ್ಡದೈತಿ?"

"ಐತಲ್ರಿ. ಇಬ್ಬರಿಗೇನು, ತೊಟ್ಟಲಾ ಕಟ್ಟಾಕೂ..." ಸಾತಪ್ಪ ನಾಲಿಗೆ ಕಚ್ಚಿಕೊಂಡು ಶೇವಂತಿಯ ಕಡೆ ನೋಡಿದ. "ತಪ್ಪ ತಿಳೀಬ್ಯಾಡ್ರಿ ಟೀಚರ."

ಅವಳು ತಪ್ಪು ತಿಳಿಯಲಿಲ್ಲ. ಯಾಕೆ ತಿಳಿಯಲಿಲ್ಲವೆಂದು ಅವಳಿಗೇ ಆಶ್ಚರ್ಯವಾಯಿತು.

"ಇರ್ಲಿ ಬಿಡು," ಎಂದರು ದಾನಮ್ಮ, ಸೊಂಟ ಹಿಡಿದು ಏಳುತ್ತ. "ಶೇವಂತಿ, ಮಂಗಳವಾರ ಜಮಖಂಡಿ ಬಸ್ಸು ಎಷ್ಟಕ್ಕ?"

"ಎಂಟೂವರಿಗ್ರಿ."

"ಎಂಟಕ್ಕ ಹೋಗಿ ನಿಲ್ಲೂಣ. ಕಿಡಕಿ ಕಡೆ ಸೀಟು ನನಗ ಬೇಕು."

ಬಿಸಿಲು ಏರಿತ್ತು. ಇಬ್ಬರೂ ಮನೆಯನ್ನು ಬಿಚ್ಚತೊಡಗಿದರು. ಒಂದೊಂದು ಸೀರೆಗೂ ಒಂದು ತುದಿ ಶೇವಂತಿ, ಇನ್ನೊಂದು ತುದಿ ದಾನಮ್ಮ. ಎತ್ತಿ ಝಾಡಿಸಿದರೆ ಕರಿಮಣ್ಣು ಉದುರುತ್ತಿತ್ತು. ಆಮೇಲೆ ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸುವುದು, ಮತ್ತೆ ಹಿಂದೆ ಸರಿಯುವುದು, ಮತ್ತೆ ಬರುವುದು. ಹನ್ನೆರಡನೆಯದರ ತುದಿಗಳನ್ನು ಶೇವಂತಿ ಅತ್ತೆಯ ಕೈಗೆ ಕೊಟ್ಟಳು. ದಾನಮ್ಮ ಸೀರೆಯ ಜೊತೆಗೆ ಅವಳ ಬೆರಳುಗಳನ್ನೂ ಹಿಡಿದುಕೊಂಡರು, ಬಿಡಲಿಲ್ಲ. ಸಾತಪ್ಪ ಕಬ್ಬಿನ ಕಡೆಗೆ ತಿರುಗಿ, ಟೇಪನ್ನು ನಿಧಾನವಾಗಿ ಸುತ್ತಿಕೊಳ್ಳುತ್ತ ನಿಂತ.