ಮಹಜರಿನಲ್ಲಿ ಬರೆಯದ ಹಿಂಗಾರ

ಹುಳಿ ವಾಸನೆ, ಎಲ್ಲಿಂದ, ನನ್ನ ಕೋಟಿನಿಂದಲ್ಲ, ಕೋಟನ್ನು ನಿನ್ನೆಯಷ್ಟೇ ಹೆಂಡತಿ ದಮಯಂತಿ ಬಿಸಿಲಿಗೆ ಹಾಕಿ ಇಸ್ತ್ರಿ ಮಾಡಿಟ್ಟದ್ದು, ಇದು ಒಳಗಿನಿಂದ, ಕೋರ್ಟಿನ ಮೇಜಿನ ಮೇಲಿಟ್ಟ ಆ ಮಡಕೆಯಿಂದ — ನಾಲ್ಕು ತಿಂಗಳಾಯಿತು, ಕಳ್ಳನ್ನು ಅವತ್ತೇ ಚೆಲ್ಲಿದ್ದಾರೆ, ಅರಗಿನ ಸೀಲು ಒತ್ತಿದ ಒಂದು ಬಾಟ್ಲಿ ಬಿಟ್ಟರೆ ಬೇರೇನೂ ಉಳಿದಿಲ್ಲ, ಆದರೂ ಮಣ್ಣು ಬಿಡುವುದಿಲ್ಲ, ಉಪ್ಪಿನಕಾಯಿಯ ಭರಣಿ ಎಷ್ಟು ತೊಳೆದರೂ ಉಪ್ಪಿನಕಾಯಿಯದ್ದೇ. ಬಂಟ್ವಾಳದ ಈ ಕೋರ್ಟಿನ ಜಗಲಿಯ ಬೆಂಚಿಗೆ ಒಂದು ಕಾಲು ಗಿಡ್ಡ, ನಾನು ಎದ್ದರೆ ಮೂಸಬ್ಬ ಬೀಳುತ್ತಾನೆ, ಮೂಸಬ್ಬ ಎದ್ದರೆ ನಾನು. ಅವನ ಸಾಕ್ಷಿ ಮುಗಿಯಿತು, ಮಡಕೆ ನೋಡಿದ್ದೇನೆ, ಸೈನು ನನ್ನದೇ, ಬೇರೆ ಗೊತ್ತಿಲ್ಲ ಅಂದನಂತೆ, ಐದೇ ನಿಮಿಷ, ಇನ್ನು ಸಿದ್ಧಕಟ್ಟೆಗೆ ಹೋಗಿ ಜೀನಸು ಅಂಗಡಿಯ ಹಲಗೆ ತೆಗೆಯಬಹುದು, ಆದರೆ ಹೋಗುವುದಿಲ್ಲ, ನಾನು ಏನು ಹೇಳುತ್ತೇನೆ ಅಂತ ಕೇಳಬೇಕು ಅವನಿಗೆ. ಕೇಳಲಿ. ನನಗೂ ಐದೇ ನಿಮಿಷ. ಹೆಡ್ಮಾಸ್ಟ್ರು, ಪಾನನಿಷೇಧ ಸಮಿತಿಯ ಕಾರ್ಯದರ್ಶಿ, ನನ್ನ ಮಾತಿಗೆ ಅಡ್ಡಪ್ರಶ್ನೆ ಹಾಕುವವರು ಯಾರು, ಮಾಯಿಲಪ್ಪನಿಗೆ ವಕೀಲರೂ ಇಲ್ಲ. ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಯಿತು, ಕಾನೂನು ಮಾತ್ರ ಮದ್ರಾಸಿನದೇ ಉಂಟು, ಕಳ್ಳು ಇಳಿಸಬಾರದು, ಮಾಯಿಲಪ್ಪ ಇಳಿಸುತ್ತಾನೆ, ಅವನಪ್ಪನೂ ತಾಳೆಮರ ಹತ್ತಿದವನೇ, ಒಮ್ಮೆ ಸಿಕ್ಕಿಬಿದ್ದು ಬುದ್ಧಿ ಬರಲಿಲ್ಲ, ಇದು ಎರಡನೆಯ ಸಲ, ಎರಡನೆಯ ಸಲಕ್ಕೆ ಆರು ತಿಂಗಳು ಜೈಲು ಖಂಡಿತ ಅಂತ ಗುಮಾಸ್ತರು ಎಲೆಯಡಿಕೆ ಜಗಿಯುತ್ತಾ ಹೇಳಿದರು, ನಾಳೆ ರಜೆ ಉಂಟು ಅನ್ನುವ ಹಾಗೆ. ಬೆಳಿಗ್ಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಒಬ್ಬ ಎದ್ದು ನಿಂತ, ಕೂತುಕೊಳ್ಳಿ ಮಾಸ್ಟ್ರೇ — ಮಾಯಿಲಪ್ಪ. ಮುಂದೆ ಹೆಂಗಸರ ಸೀಟಿನಲ್ಲಿ ಅವನ ಹೆಂಡತಿ ಅಮ್ಮಣಿ, ತಿರುಗಿ ನೋಡಲಿಲ್ಲ. ನಾನು ಕೂತೆ, ಕೂರದೆ ಏನು, ಮಂಡಿನೋವು, ಬೇಡ ಅಂದರೆ ಯಾಕೆ ಬೇಡ ಅಂತ ನಾಲ್ಕು ಜನ ಯೋಚಿಸುತ್ತಾರೆ. ದಾರಿಯುದ್ದಕ್ಕೂ ಕಂಬಿ ಹಿಡಿದು ನನ್ನ ಭುಜದ ಹತ್ತಿರವೇ ನಿಂತಿದ್ದ, ಎರಡು ಸಲ ಬಗ್ಗಿ ಏನೋ ಕೇಳಲು ಹೊರಟ, ಎರಡು ಸಲವೂ ನಾನು ಕಿಟಿಕಿಯ ಕಡೆ ತಿರುಗಿದೆ. ಅವನ ಅಂಗಿಯಲ್ಲಿ ಹುಳಿ ವಾಸನೆ ಇರಲಿಲ್ಲ, ಸಾಬೂನಿನ ವಾಸನೆ ಇತ್ತು.

ಇಲ್ಲಿಂದ ಮಡಕೆ ಕಾಣುತ್ತದೆ, ನೋಡಬಾರದು, ಕಾಣುತ್ತದೆ, ಕೊರಳಿಗೆ ಮೂರು ಸುತ್ತು ಬಾಳೆನಾರು, ನಾರಿಗೆ ಜೋತುಬಿದ್ದ ಬಾಳೆಎಲೆ ಒಣಗಿ ಬೀಡಿಎಲೆಯ ಹಾಗಾಗಿದೆ, ಗಂಟಿನಲ್ಲಿ ಸಿಕ್ಕಿಸಿದ ಹಿಂಗಾರದ ಎಸಳು — ಅದನ್ನು ಯಾರೂ ಯಾಕೆ ತೆಗೆಯಲಿಲ್ಲ, ಇಷ್ಟು ದಿನ ಪೊಲೀಸಿನವರ ಕೋಣೆಯಲ್ಲಿತ್ತು, ಒಂದು ಇಲಿಯಾದರೂ ತಿನ್ನಬಾರದಿತ್ತೇ. ಅವತ್ತು ನಾಲ್ಕು ಗಂಟೆಗೆ ಶಾಲೆ ಬಿಟ್ಟು ಬರುತ್ತಿದ್ದೇನೆ, ಮೂಸಬ್ಬನ ಅಂಗಡಿಯ ಎದುರು ಜನ, ನಡುವೆ ಮಾಯಿಲಪ್ಪ, ಅವನ ಕಾಲಬುಡದಲ್ಲಿ ಮಡಕೆ, ಸಬ್ ಇನ್ಸ್‌ಪೆಕ್ಟರು ನನ್ನನ್ನು ಕಂಡು ಒಳ್ಳೆಯದಾಯಿತು, ಪಂಚರು ಬೇಕಿತ್ತು, ಮರ್ಯಾದಸ್ಥರು ಅಂದರು. ಯಾರಿಗೆ ಇದು? ನನಗೇ, ಕುಡಿಯಲಿಕ್ಕೆ, ಅಂದ ಮಾಯಿಲಪ್ಪ, ಮೂರು ಸಲ ಕೇಳಿದರು, ಮೂರು ಸಲವೂ ನನಗೇ, ಒಂದು ಪೆಟ್ಟೂ ಬಿತ್ತು, ಆಮೇಲೂ ನನಗೇ, ನನ್ನ ಕಡೆ ಕಣ್ಣೆತ್ತಲಿಲ್ಲ. ಪೊಲೀಸಿನವ ಮಹಜರು ಬರೆಯಲು ಕೂತ, ಕಾಗೆಕಾಲಿನ ಅಕ್ಷರ, ನನಗೆ ನೋಡಲಿಕ್ಕಾಗಲಿಲ್ಲ, ಕೊಡಿ ಇಲ್ಲಿ ಅಂದೆ, ಮೂವತ್ತೊಂದು ವರ್ಷದ ಕೈ, ಮಡಕೆಯ ಬಣ್ಣ, ಎತ್ತರ, ಬಾಯಿಯ ಅಗಲ, ಬಾಳೆಎಲೆ, ನಾರು, ಸುತ್ತು ಮೂರು, ಎಲ್ಲ ಬರೆದೆ, ಭೇಷ್ ಮಾಸ್ಟ್ರೇ ಅಂದರು. ಹಿಂಗಾರ ಬರೆಯಲಿಲ್ಲ. ಬರೆದರೆ ಊರಿನ ಯಾವನು ಓದಿದರೂ ಗೊತ್ತಾಗುತ್ತದೆ, ಕುಡಿಯುವ ಮಡಕೆಗೆ ಯಾರೂ ಅಡಿಕೆಹೂ ಸಿಕ್ಕಿಸುವುದಿಲ್ಲ, ಅದು ದೈವಕ್ಕೆ ಹೋಗುವ ಮಡಕೆ, ಯಾವ ಮನೆಯ ದೈವಕ್ಕೆ ಅಂತ ಮುಂದಿನ ಪ್ರಶ್ನೆ, ಅವತ್ತು ಊರಿನಲ್ಲಿ ಅಗೆಲು ಇದ್ದದ್ದು ಒಂದೇ ಮನೆಯಲ್ಲಿ. ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ಎಲೆ ಹಾಕಿ ಬಡಿಸುವ ಊಟ, ಕೋಳಿ, ರೊಟ್ಟಿ, ಕಳ್ಳು, ಕಳ್ಳಿಲ್ಲದ ಅಗೆಲು ಉಂಟೇ, ನನ್ನ ಅಜ್ಜನ ಕಾಲದಿಂದ ಬಂದದ್ದು, ನಿಲ್ಲಿಸಲು ನಾನು ಯಾರು. ಮೂರು ದಿನ ಮುಂಚೆ ಶಾಲೆಯ ಬಾವಿಯ ಹಿಂದೆ ನಿಂತು ನಾನೇ ಹೇಳಿದ್ದೆ, ಶುದ್ಧದಲ್ಲಿ ತಾ ಮಾಯಿಲಪ್ಪ, ಬಾಯಿಗೆ ಬಾಳೆಎಲೆ ಕಟ್ಟಿ ತಾ. ಹಿಂಗಾರ ನಾನು ಹೇಳಿದ್ದಲ್ಲ, ಅದು ಅವನೇ ಭಕ್ತಿಯಿಂದ ಸಿಕ್ಕಿಸಿದ್ದು. ಊರಿನಲ್ಲಿ ಕಳ್ಳಿಳಿಸುವುದು ಹೆಚ್ಚಾಗಿದೆ, ತಕ್ಷಣ ಕ್ರಮ ಕೈಗೊಳ್ಳಬೇಕು ಅಂತ ಸಮಿತಿಯ ಪರವಾಗಿ ಅರ್ಜಿ ಬರೆದವನೂ ನಾನೇ, ಹೌದು, ಆದರೆ ಅದು ತಿಂಗಳು ತಿಂಗಳು ಬರೆಯುವ ಅರ್ಜಿ, ಅದರಲ್ಲಿ ಯಾರ ಹೆಸರೂ ಇಲ್ಲ, ಆ ವಾರವೇ ಬರುತ್ತಾರೆ ಅಂತ ಯಾರಿಗೆ ಗೊತ್ತು.

ಮೂಸಬ್ಬ ನಶ್ಯದ ಡಬ್ಬಿ ಚಾಚುತ್ತಾನೆ, ಬೇಡ. ಅವತ್ತು ಸೈನು ಹಾಕುವಾಗ ಅವನ ಕೈ ನಿಂತಿತ್ತು, ನಾನು ಜನ್ಮದಲ್ಲಿ ಕಳ್ಳು ಮುಟ್ಟಿದವನಲ್ಲ ಮಾಸ್ಟ್ರೇ, ಆದರೂ ಇದಕ್ಕೆ ಕೈ ಬರುವುದಿಲ್ಲ ಅಂದ, ಹಾಕು ಮಾರಾಯ ಅಂದೆ, ಹಾಕಿದ. ಮುಟ್ಟದವನಿಗೆ ಕೈ ಬರುವುದಿಲ್ಲ, ನನಗೆ ಬಂತು. ನಾನೂ ಕುಡಿಯುವವನಲ್ಲ ಮತ್ತೆ. ದೈವಕ್ಕೆ ಬಡಿಸಿದ ಮೇಲೆ ಅದು ಕಳ್ಳಲ್ಲ, ಪ್ರಸಾದ, ಪ್ರಸಾದ ಬೇಡ ಅನ್ನಬಾರದು, ಎರಡು ಸಲ ತೆಗೆದುಕೊಂಡದ್ದುಂಟು, ಮೂರು ಸಲವೂ ಉಂಟು, ಮರುದಿನ ಸ್ವಲ್ಪ ತಲೆ ಭಾರ, ಅದು ಪಿತ್ತ. ಕುಡಿತದ ಕೇಡಿನ ಬಗ್ಗೆ ಶಾಲೆಯಲ್ಲಿ ನಾಟಕ ಆಡಿಸಿದಾಗ ಬೇಕಾದ ಮಡಕೆ ಕೊಟ್ಟವನೂ ಮಾಯಿಲಪ್ಪನೇ, ಮೊದಲ ಸಾಲಿನಲ್ಲಿ ಕೂತು ನಕ್ಕೂ ನಕ್ಕೂ, ಮುಗಿದ ಮೇಲೆ ಬಂದು, ಕುಡಿದವ ಹಾಗೆ ತೂರಾಡುವುದಿಲ್ಲ ಮಾಸ್ಟ್ರೇ, ಅವ ಬಹಳ ಜಾಗ್ರತೆಯಲ್ಲಿ ಕಾಲಿಡುತ್ತಾನೆ, ನಿಮಗೆ ಗೊತ್ತುಂಟಲ್ಲ ಅಂದ. ಗೊತ್ತುಂಟಲ್ಲ ಅಂತೆ. ಅವತ್ತು ಅವನನ್ನು ಜೀಪಿನಲ್ಲಿ ಕರಕೊಂಡು ಹೋದರು, ಮನೆಗೆ ಬಂದರೆ ದಮಯಂತಿ ಕೋಳಿ ಬೇಯಿಸಿ ಎಲೆ ಒರೆಸಿ ಇಟ್ಟಿದ್ದಾಳೆ, ದೈವಕ್ಕೆ ಹೇಳಿದ ದಿನ ತಪ್ಪಬಾರದು, ಎಳನೀರು ಇಟ್ಟರೆ ಆಗದೇ ಅಂದಳು ಅವಳು, ಆಗದು ಅಂದೆ, ಅಮ್ಮಣಿಗೆ ಹೇಳಿ ಕಳುಹಿಸಿದೆ. ಬಂದಳು. ಗಂಡ ಲಾಕಪ್ಪಿನಲ್ಲಿ, ಇವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಸೆರಗಿನೊಳಗೆ ಸಣ್ಣ ಮಡಕೆ ಹಿಡಿದು ಹಿಂದಿನ ಬಾಗಿಲಿಗೆ ಬಂದಳು, ಅದಕ್ಕೂ ಬಾಳೆಎಲೆ, ಅದಕ್ಕೂ ಹಿಂಗಾರ, ಅವರನ್ನು ಬಿಡಿಸಲಿಕ್ಕೆ ಆಗುತ್ತದಾ ಮಾಸ್ಟ್ರೇ ಅಂತ ಕೇಳಿದಳು. ನೋಡುವ ಅಂದೆ. ನೋಡಿದೆ, ಜಾಮೀನಿಗೆ ಜನ ಮಾಡಿಕೊಟ್ಟದ್ದು ನಾನೇ, ಸುಮ್ಮನೆ ಅಲ್ಲ. ಈ ಮಡಕೆಯ ವಿಷಯ ಗಂಡನಿಗೂ ಹೇಳಬಾರದು, ಕೋರ್ಟಿನಲ್ಲಿ ಅವನ ಬಾಯಿ ಜಾರಿದರೆ ನೀನೂ ಒಳಗೆ ಅಂದೆ, ದೈವದ ಆಣೆ ಹಾಕಿಸಿದೆ, ಹೆಂಗಸು ಆಣೆ ಮುರಿಯಲಿಲ್ಲ. ದಮಯಂತಿ ಅವತ್ತಿನಿಂದ ಪ್ರಸಾದ ತೆಗೆದುಕೊಳ್ಳುವುದಿಲ್ಲ, ಒಂದೇ ಮಾತು ಹೇಳಿದ್ದಾಳೆ, ಅವನ ಬಾಯಿ ಜಾರುವುದಿಲ್ಲ, ನೀವು ನಿಮ್ಮದನ್ನು ನೋಡಿಕೊಳ್ಳಿ. ಏನು ನೋಡಿಕೊಳ್ಳುವುದು. ನನಗೆ ತರುತ್ತಿದ್ದ ಅಂದರೆ ಮಾಯಿಲಪ್ಪನ ಶಿಕ್ಷೆ ಕಡಿಮೆಯಾಗಬಹುದು, ಗುಮಾಸ್ತರೂ ಹಾಗೇ ಅಂದರು, ಪೂಜೆಗೆ ಅಂತಾದರೆ ಮ್ಯಾಜಿಸ್ಟ್ರೇಟರು ಕರಗುತ್ತಾರೆ ಅಂತ, ಆದರೆ ನನ್ನ ನೌಕರಿ, ಎರಡು ವರ್ಷದಲ್ಲಿ ನಿವೃತ್ತಿ, ಸಮಿತಿ, ಮರ್ಯಾದೆ. ಅವನಿಗೆ ಆರು ತಿಂಗಳು, ನನಗೆ ಇಡೀ ಜೀವಮಾನ, ತೂಗಿ ನೋಡಿದರೆ ಯಾವುದು ಹೆಚ್ಚು. ಮತ್ತೆ ಕೋರ್ಟಿನ ಸುಳ್ಳು ಕೋರ್ಟಿನದ್ದು, ಕೋಟು ತೆಗೆದರೆ ಹೋಯಿತು, ದೈವದ ವಿಷಯದಲ್ಲಿ ನಾನು ಇವತ್ತಿನವರೆಗೆ ಒಂದು ಸುಳ್ಳು ಹೇಳಿದವನಲ್ಲ, ಅದೊಂದು ನನ್ನಲ್ಲಿ ಉಂಟು, ಯಾರು ಬೇಕಾದರೂ ಕೇಳಲಿ.

ಸುಬ್ಬಪ್ಪ ಮಾಸ್ಟ್ರು, ಸುಬ್ಬಪ್ಪ ಮಾಸ್ಟ್ರು, ಕೂಗುವುದೇಕೆ, ಇಲ್ಲೇ ಇದ್ದೇನೆ, ಎದ್ದೆ, ಬೆಂಚು ಓರೆಯಾಯಿತು, ಮೂಸಬ್ಬ ಗೋಡೆ ಹಿಡಿದುಕೊಂಡ. ಕಟಕಟೆಯ ಮರ ನುಣ್ಣಗೆ, ಎಷ್ಟು ಕೈ ಹಿಡಿದದ್ದೋ, ಸತ್ಯವನ್ನೇ ಹೇಳುತ್ತೇನೆ, ಹೇಳಿದೆ, ಸ್ವರ ಚೆನ್ನಾಗಿ ಬಂತು. ಮಹಜರು ನಿಮ್ಮ ಕೈಬರಹವೇ, ಹೌದು, ಮಡಕೆ ಇದೇ, ಹೌದು, ಆರೋಪಿಯ ವಶದಲ್ಲಿತ್ತು, ಹೌದು, ಯಾರಿಗೆ ಕೊಂಡುಹೋಗುತ್ತಿದ್ದ ಅಂತ ತಿಳಿದಿದೆಯೇ, ಇಲ್ಲ. ಇಲ್ಲ ಅನ್ನುವುದು ಎಷ್ಟು ಸಣ್ಣ ಮಾತು. ಮುಗಿಯಿತು, ಇಳಿಯಬೇಕು, ಆಗ ಮ್ಯಾಜಿಸ್ಟ್ರೇಟರು, ಮೈಸೂರು ಕಡೆಯವರು, ಕನ್ನಡಕ ಒರೆಸುತ್ತಾ, ಏನಪ್ಪಾ ನೀನು ಸಾಕ್ಷಿಯನ್ನು ಏನಾದರೂ ಕೇಳುತ್ತೀಯಾ ಅಂದರು, ಬರೀ ಪದ್ಧತಿಗೆ ಕೇಳಿದ್ದು, ಇಲ್ಲ ಅನ್ನುತ್ತಾನೆ, ಏನು ಕೇಳಲಿಕ್ಕುಂಟು ಅವನಿಗೆ. ಮಾಯಿಲಪ್ಪ ತಲೆ ತುರಿಸಿಕೊಂಡ, ಒಂದು ಉಂಟು ಸ್ವಾಮೀ ಅಂದ. ನನ್ನ ಕಡೆ ತಿರುಗಿದ, ಕೈ ಕಟ್ಟಿಕೊಂಡೇ, ಶಾಲೆಯ ಬಾವಿಯ ಹಿಂದೆ ನಿಂತ ಹಾಗೆ — ಮಾಸ್ಟ್ರೇ, ಅವತ್ತು ನಿಮ್ಮಲ್ಲಿ ಅಗೆಲು ಆಯ್ತಾ? ನನ್ನಿಂದ ತಪ್ಪಿತಾ ಅಂತ ನಾಲ್ಕು ತಿಂಗಳಿಂದ ನಿದ್ರೆ ಇಲ್ಲ, ಬಸ್ಸಿನಲ್ಲಿ ಕೇಳುವ ಅಂತಿದ್ದೆ. ಇದಕ್ಕೆ, ಇಷ್ಟಕ್ಕೆ ಬಗ್ಗಿದ್ದನೇ ಬಸ್ಸಿನಲ್ಲಿ. ಏನದು ಅಗೆಲು ಅಂದರು ಮ್ಯಾಜಿಸ್ಟ್ರೇಟರು, ಗುಮಾಸ್ತರು ಎದ್ದು ದೈವಕ್ಕೆ ಬಡಿಸುವುದು ಸ್ವಾಮಿ, ಅದಕ್ಕೆ ಕಳ್ಳು ಬೇಕಾಗುತ್ತದೆ ಅಂದರು, ಕನ್ನಡಕ ಮೂಗಿನ ಮೇಲೆ ಬಂತು, ಓ, ಹಾಗೋ, ಹೇಳಿ ಮಾಸ್ಟರೇ, ಆಯಿತೋ ಇಲ್ಲವೋ. ಆಯಿತು ಅನ್ನಬಹುದು, ಆಯಿತು ಮಾಯಿಲಪ್ಪ, ನಿನ್ನ ಹೆಂಡತಿ ತಂದುಕೊಟ್ಟಳು, ನೀನು ನಿದ್ರೆ ಮಾಡು, ಅಷ್ಟೇ ಮಾತು, ಹಿಂದಿನ ಬಾಗಿಲ ಹತ್ತಿರ ಅಮ್ಮಣಿ, ಬೆಳಿಗ್ಗೆಯಿಂದ ತಿರುಗಿ ನೋಡದವಳು ಈಗ ನೋಡುತ್ತಿದ್ದಾಳೆ, ಮೂಸಬ್ಬ ಬಾಗಿಲಲ್ಲಿ, ಮಡಕೆ ನನ್ನಿಂದ ಒಂದು ಮಾರು ದೂರದಲ್ಲಿ, ಹಿಂಗಾರ ನನ್ನ ಕಡೆಗೇ ಮುಖ ಮಾಡಿ. ನಮ್ಮ ಮನೆಯಲ್ಲಿ ದೈವ ಇಲ್ಲ ಸ್ವಾಮಿ. ಯಾರು ಹೇಳಿದ್ದು, ನನ್ನ ಸ್ವರವೇ, ಶಾಲೆಯ ಸ್ವರ, ಸ್ಪಷ್ಟ. ಗುಮಾಸ್ತರ ಪೆನ್ನು ಬರೆಯಿತು. ಮಾಯಿಲಪ್ಪ ಬಾಯಿ ತೆರೆದು ನನ್ನನ್ನೇ ನೋಡಿದ, ಸಿಟ್ಟಲ್ಲ, ಸಿಟ್ಟಾದರೆ ತಡೆದುಕೊಳ್ಳಬಹುದಿತ್ತು, ನನಗಾಗಿ ಹೆದರಿದ ಮುಖ ಅದು, ಹಾಗೆ ಹೇಳಬೇಡಿ ಮಾಸ್ಟ್ರೇ ಅಂದ ಮೆಲ್ಲಗೆ, ನಾನು ಜೈಲಿಗೆ ಹೋಗ್ತೇನೆ, ನೀವು ಹಾಗೆ ಮಾತ್ರ ಹೇಳಬೇಡಿ. ಆಯಿತು ಆಯಿತು ಅಂದರು ಮ್ಯಾಜಿಸ್ಟ್ರೇಟರು, ಇಳಿಯಿರಿ ಅಂದರು, ಇಳಿಯಬೇಕು, ಮೆಟ್ಟಲು ಎರಡು, ಕಾಲು ಬಹಳ ಜಾಗ್ರತೆಯಲ್ಲಿ ಇಡುತ್ತಿದ್ದೇನೆ, ಜವಾನ ಮಡಕೆಯನ್ನು ಎತ್ತಿ ಆಚೆ ಇಡುತ್ತಾನೆ, ಎತ್ತುವಾಗ ಗಂಟಿನಿಂದ ಒಂದು ಒಣ ಮೊಗ್ಗು ಉದುರಿ ಮೇಜಿನ ಹಸಿರು ಬಟ್ಟೆಯ ಮೇಲೆ ಬಿತ್ತು, ಅಕ್ಕಿಕಾಳಿನಷ್ಟು, ಹಿಂಗಾರ, ಬರೆಯಲಿಲ್ಲ, ಹಿಂಗಾರ, ಗಂಟಿನಲ್ಲಿ ಇನ್ನೂ ಉಂಟು, ಇನ್ನೊಂದು ಬಿತ್ತು,