ಶರಫುದ್ದೀನನ ಅಂಬಾಸಡರ್

ಜೇವರ್ಗಿಯಲ್ಲಿ ಗಾಡಿಗಳ ವೈರಿಂಗ್ ಬಲ್ಲವನು ನಾನೊಬ್ಬನೇ ಎಂಬ ಸೊಕ್ಕು ನನಗಿತ್ತು. ಎಂಬತ್ತಾರನೆಯ ಇಸವಿಯ ಒಂದು ಬೆಳಿಗ್ಗೆ ಅದು ಇಳಿಯಿತು.

ಅಂದು ಬಸ್ಸುಗಳ ಮುಷ್ಕರ. ಬಾಡಿಗೆ ಕಾರಿನ ಶರಫುದ್ದೀನ ತನ್ನ ಅಂಬಾಸಡರನ್ನು ನಾಲ್ಕು ಜನರಿಂದ ತಳ್ಳಿಸಿಕೊಂಡು ನನ್ನ ಅಂಗಡಿಗೆ ಬಂದ. ಕಾರಿನೊಳಗೆ ದಾಲ್ ಮಿಲ್ಲಿನ ಗುಮಾಸ್ತ ಮಲ್ಲಣ್ಣ ಕೂತಿದ್ದ. ಕಲಬುರ್ಗಿಯ ಆಸ್ಪತ್ರೆಯಲ್ಲಿ ಅವನ ತಂಗಿ ಗುರಮ್ಮನಿಗೆ ಆಪರೇಶನ್. ಅವಳಿಗೆ ಹೊಂದುವ ರಕ್ತ ಮನೆಯಲ್ಲಿ ಇವನದೊಂದೇ. ಹನ್ನೊಂದರ ಒಳಗೆ ಮುಟ್ಟಬೇಕಿತ್ತು. ಆಗಲೇ ಒಂಬತ್ತಾಗಿತ್ತು.

"ಸ್ಟಾರ್ಟ್ ಮಾಡಿದ್ರ ಟಿಕ್ ಅಂತದ, ಅಷ್ಟೇರಿ," ಎಂದ ಶರಫುದ್ದೀನ.

"ಬ್ಯಾಟರಿಗೆ ನೀರ ಹಾಕೀಯೇನಲೇ? ಗಾಡಿ ಎಮ್ಮಿ ಅಲ್ಲ, ಕಟ್ಟಿ ಹಾಕಿ ಮರಿಯಾಕ."

"ಹಾಕೇನ್ರಿ."

ಹಾಕಿದ್ದ. ಆದರೂ ಬೇರೆ ಬ್ಯಾಟರಿ ಇಟ್ಟು ನೋಡಿದೆ. ಅದೇ ಟಿಕ್. ಸ್ಟಾರ್ಟರ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಅದೇ ಟಿಕ್. ಸಿಟ್ಟೆಲ್ಲ ಶರಫುದ್ದೀನನ ಮೇಲೆ ತೀರಿಸಿಕೊಂಡೆ; ಅವನು ಬೋಲ್ಟ್ ತಿರುಗಿಸುವ ಪಾನಾ ಹಿಡಿದು ನಿಂತಿದ್ದ. ಮಲ್ಲಣ್ಣ ಸೂಜಿ ಇಲ್ಲೇ ಚುಚ್ಚುವರೇನೋ ಎಂಬಂತೆ ಅಂಗಿಯ ತೋಳು ಮಡಚಿಕೊಂಡು ಕೂತಿದ್ದ. ಆ ಬರಿ ತೋಳು ಕಂಡಾಗಲೆಲ್ಲ ನಾನು ಮುಖ ತಿರುಗಿಸಿ ಎಂಜಿನ್ನಿನ ಕಡೆ ಬಗ್ಗುತ್ತಿದ್ದೆ.

"ಎಷ್ಟೊತ್ತ ಆಯ್ತರಿ?" ಒಮ್ಮೆ ಕೇಳಿದ.

"ಒಂಬತ್ತೂವರಿ," ಎಂದೆ. ಹತ್ತು ನಿಮಿಷ ಕಡಿಮೆ ಹೇಳಿದ್ದೆ.

ಕೊನೆಗೆ ಬಲ್ಬಿಗೆ ಎರಡು ತಂತಿ ಕಟ್ಟಿ ಪರೀಕ್ಷೆ ಮಾಡಿದೆ. ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದರೆ ಝಗ್ ಎಂದು ಹತ್ತಿತು. ಒಂದು ತಂತಿಯನ್ನು ಬ್ಯಾಟರಿಯಲ್ಲೇ ಬಿಟ್ಟು ಇನ್ನೊಂದನ್ನು ಗಾಡಿಯ ಕಬ್ಬಿಣಕ್ಕೆ ಮುಟ್ಟಿಸಿದರೆ ಮಿಣಮಿಣ. ಅಂದರೆ ಬ್ಯಾಟರಿಗೂ ಗಾಡಿಯ ಮೈಗೂ ನಡುವಿನ ಅರ್ಥಿಂಗ್ ಕೂಡಿರಲಿಲ್ಲ. ಆ ಅರ್ಥಿಂಗ್ ತಂತಿಯ ಬೋಲ್ಟ್ ಬಿಚ್ಚಿದೆ. ತಂತಿಯ ತುದಿಯ ಬಳೆಯ ಕೆಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು, ವಿಭೂತಿ.

ನನ್ನದೇ ವಿಭೂತಿ ಕರೆಂಟಿಗೆ ಅಡ್ಡ ಕೂತಿತ್ತು. ದಸರೆಯ ಖಂಡೇಪೂಜೆಗೆ ಎಲ್ಲರೂ ಬಾನೆಟ್ಟಿಗೆ ಪಟ್ಟಿ ಎಳೆದರೆ ನಾನು ಹಾಗಲ್ಲ. ಕರೆಂಟ್ ಹರಿಯುವ ಬೋಲ್ಟ್ ಬಿಚ್ಚಿ, ತಿಕ್ಕಿ, ತುಪ್ಪದಲ್ಲಿ ಕಲಸಿದ ವಿಭೂತಿ ಹಚ್ಚಿ ಮತ್ತೆ ಬಿಗಿಯುತ್ತಿದ್ದೆ. ಗಾಡಿಯ ಜೀವಕ್ಕೇ ಪೂಜೆ ಎಂದು ಹೆಮ್ಮೆಪಡುತ್ತಿದ್ದೆ. ಶರಫುದ್ದೀನ ಪ್ರತಿವರ್ಷ ತಾನಾಗಿಯೇ ಗಾಡಿ ತಂದು ನಿಲ್ಲಿಸುತ್ತಿದ್ದ.

ಅದನ್ನು ಕೆರೆದು ಯಾರಿಗೂ ಕಾಣದಂತೆ ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಬಳೆಯನ್ನೂ ಬೋಲ್ಟನ್ನೂ ಮರಳು ಕಾಗದದಿಂದ ತಿಕ್ಕಿ ಬಿಗಿದೆ. ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು.

"ಏನಾಗಿತ್ತರಿ?" ಎಂದ ಮಲ್ಲಣ್ಣ.

"ಜಂಗ ಹಿಡದಿತ್ತ. ಹೋಗ್ರಿ, ಹೋಗ್ರಿ," ಎಂದು ತಪ್ಪನ್ನು ತುಕ್ಕಿನ ಮೇಲೆ ಹಾಕಿದೆ.

ಅವರು ಹೋದ ಮೇಲೆ ನಾನು ಕೂರಲಿಲ್ಲ. ಆ ವರ್ಷ ಹದಿನೇಳು ಗಾಡಿಗೆ ಹಾಗೆ ಹಚ್ಚಿದ್ದೆ, ಊರ ಡಾಕ್ಟರರ ಜೀಪೂ ಅದರಲ್ಲಿತ್ತು. ಸೈಕಲ್ ಹತ್ತಿ ಒಂದೊಂದನ್ನೇ ಹುಡುಕಿ ಬಿಚ್ಚತೊಡಗಿದೆ. ಕಿವಿಯೆಲ್ಲ ಕಲಬುರ್ಗಿ ರಸ್ತೆಯ ಕಡೆಗಿತ್ತು. ಗುರಮ್ಮನಿಗೆ ಏನಾದರೂ ಆದರೆ ಯಾರಿಗೆ ಮುಖ ತೋರಿಸುವುದು?

ಮೂರು ಗಂಟೆಗೆ ಶರಫುದ್ದೀನ ಬಂದಾಗ ನಾನು ಡಾಕ್ಟರರ ಜೀಪಿನ ಬಾನೆಟ್ಟಿನೊಳಗೆ ಬಗ್ಗಿದ್ದೆ.

"ವ್ಯಾಳ್ಯಾಕ್ಕ ಮುಟ್ಟಿದ್ವಿರಿ. ಆಪರೇಶನ್ ಆಗ್ಯದ, ಗುರಮ್ಮ ಕಣ್ಣ ತೆರದಾಳ. ನಿಮ್ಮ ಕೈಗುಣ ಭಾಳ ಛಲೋ ಅಂತ ಮಲ್ಲಣ್ಣ ಹೇಳಂದ."

ಆ ಮಾತು ತಡೆಯಲಾಗಲಿಲ್ಲ. "ಜಂಗ ಅಲ್ಲಲೇ ಅದು," ಎಂದೆ.

"ಗೊತ್ತದರಿ," ಎಂದ ಅವನು. "ನಿಮ್ಮ ಮುಷ್ಟಿ ಬೆಳ್ಳಗಿತ್ತ."

ಕೆಳಗಿದ್ದ ಪಾನಾ ಎತ್ತಿ ನನ್ನ ಕೈಗೆ ಕೊಟ್ಟ.

"ಉಳದಾವ ಎಷ್ಟರಿ? ನಡೀರಿ, ನನ್ನ ಗಾಡ್ಯಾಗ ಹೋಗೂಣು."