ಖಾಲಿ ಕಾಲಂ

ಖಾದರನಿಗೆ ಸಿಟ್ಟು ಇರಲಿಲ್ಲ. ಬಂದ ಸಿಟ್ಟನ್ನು ನುಂಗಿಕೊಳ್ಳುವವನೆಂದಲ್ಲ; ಬರುತ್ತಲೇ ಇರಲಿಲ್ಲ. ಬಿ.ಎಡ್. ಮುಗಿಸಿ, ಮೂರು ಸಲ ಸಂದರ್ಶನಕ್ಕೆ ಹೋಗಿ, ಮಾಸ್ತರಿಕೆ ಸಿಗದೆ ರೋಣಕ್ಕೆ ಮರಳಿದ ದಿನವೂ ಉಂಡು ಮಲಗಿದ್ದ. ಹೆಂಡತಿ ಯಾಸ್ಮಿನ ಇದನ್ನು ಒಳ್ಳೆಯ ಗುಣವೆಂದು ತವರಿನಲ್ಲಿ ಹೇಳಿಕೊಂಡಿದ್ದಳು.

ಹೀಗಾಗಿ ಆ ಇ-ಮೇಲನ್ನು ಎರಡು ಸಲ ಓದಿದವನು ಎದ್ದು ತನ್ನ ಕಂಪ್ಯೂಟರ್ ಅಂಗಡಿಯ ಕಸ ಹೊಡೆದ.

ಹುಬ್ಬಳ್ಳಿಯ ಏಜೆನ್ಸಿಯವರು ಬರೆದಿದ್ದರು. ಹನ್ನೆರಡುನೂರು ಫಾರಂಗಳ ಕೆಲಸ ತಿರಸ್ಕೃತವಾಗಿದೆ. ನೂರಕ್ಕೆ ತೊಂಬತ್ತೆಂಟು ಸರಿಯಿರಬೇಕಿತ್ತು, ಎಂಬತ್ತೈದಿದೆ. ತಿದ್ದಿ ಕಳಿಸಲು ಅವಕಾಶವಿಲ್ಲ. ಈ ಕೇಂದ್ರಕ್ಕೆ ಇನ್ನು ಕೆಲಸ ಕೊಡಲಾಗದು.

ಒಂಬತ್ತೂವರೆ. ಹತ್ತಕ್ಕೆ ಮೈಲಾರಪ್ಪ ಬರುತ್ತಾರೆ. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ಮೂರು ವರ್ಷ ಕಳೆದು ನಿವೃತ್ತರಾದವರು. ಹತ್ತೆಂದರೆ ಹತ್ತು.

ಕಳೆದ ನವೆಂಬರಿನಲ್ಲಿ, ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆಂದು ಬ್ಯಾಂಕಿನಲ್ಲಿ ಸಹಿ ಹಾಕುವ ವಾರ, ಅವರ ಸಂಘದಲ್ಲಿ ಖಾದರ ಭಾಷಣ ಮಾಡಿದ್ದ. ಇಂಟರ್ನೆಟ್ಟಿಗೆ ವಯಸ್ಸಿಲ್ಲ, ಇಂಗ್ಲಿಷ್ ಅಕ್ಷರ ಬಂದರೆ ಸಾಕು, ಕೂತಲ್ಲೇ ನಾಲ್ಕು ಕಾಸು ಗಳಿಸಬಹುದು ಎಂದಿದ್ದ. ಪೇಪರಿನಲ್ಲಿ ಓದಿದ್ದು. ಹೇಳುವಾಗ ದನಿ ಇನ್ನಾರದೋ ಅನ್ನಿಸಿತ್ತು. ಆದರೆ ಅಂಗಡಿಯ ನಾಲ್ಕು ಕಂಪ್ಯೂಟರುಗಳಿಗೆ ಗಿರಾಕಿ ಬೇಕಿತ್ತು.

ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅಜ್ಜಪ್ಪ ಎದ್ದು ನಿಂತಿದ್ದ.

"ನಾವು ಜೀವಂತ ಅದೀವಿ ಅಂದ್ರ ಬ್ಯಾಂಕಿನವ್ರ ನಂಬೂದಿಲ್ಲ. ಪರದೇಶದವ್ರು ನಂಬ್ತಾರೇನೋ ತಮ್ಮಾ?"

ಎಲ್ಲರೂ ನಕ್ಕರು, ಮೈಲಾರಪ್ಪನವರೊಬ್ಬರನ್ನು ಬಿಟ್ಟು. ಮರುದಿನ ಹತ್ತಕ್ಕೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಗೆ ಬಂದರು.

ಎರಡು ಬೆರಳಲ್ಲಿ ಟೈಪು ಮಾಡಲು ಒಂದು ತಿಂಗಳು ಹಿಡಿಯಿತು. ಆಮೇಲೆ ಹುಬ್ಬಳ್ಳಿಯಿಂದ ಸೀಡಿ ಬಂತು. ಯಾವುದೋ ದೇಶದ ಆಸ್ಪತ್ರೆಯ ರೋಗಿಗಳ ಫಾರಂಗಳು. ಫಾರಮ್ಮಿನಲ್ಲಿದ್ದದ್ದನ್ನು ನೋಡಿ ಕಂಪ್ಯೂಟರಿನ ಕಾಲಮ್ಮುಗಳಿಗೆ ಇಳಿಸಬೇಕು. ಪಾಸಾದರೆ ಚೆಕ್ಕು. ಇನ್ನೂ ನಾಲ್ವರು ಕಾಯುತ್ತಿದ್ದರು, ಮೈಲಾರಪ್ಪನವರದು ಪಾಸಾದರೆ ತಾವೂ ಸೇರುವುದೆಂದು. ಅಜ್ಜಪ್ಪನೂ ಅವರಲ್ಲೊಬ್ಬ, ಯಾರೂ ಇಲ್ಲದಾಗಷ್ಟೇ ವಿಚಾರಿಸುತ್ತಿದ್ದ.

ಮೈಲಾರಪ್ಪ ಚೆಕ್ಕಿನ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ಮನೆಯ ಸುದ್ದಿ ಹೇಳಿದ್ದರು. ರಿಟೈರ್ ಆದಮೇಲೆ ಪೊರಕೆ ಎತ್ತಿದರೂ, ಕೊಡಕ್ಕೆ ಕೈ ಹಾಕಿದರೂ ಸೊಸೆ ಬಿಡಿಸಿಕೊಂಡು ಕೂಡಿಸುತ್ತಿದ್ದಳಂತೆ. ಈಗ ಹೆಂಡತಿ ಕಳಕವ್ವ ಮತ್ತೆ ಬುತ್ತಿ ಕಟ್ಟುತ್ತಾಳೆ. ಡ್ಯೂಟಿ ಅನ್ನುತ್ತಾಳೆ.

ಖಾದರ ಪೊರಕೆ ಮೂಲೆಗಿಟ್ಟು ತಪ್ಪುಗಳ ಪಟ್ಟಿ ತೆರೆದ.

ಹೆಸರು ತಪ್ಪಿರಲಿಲ್ಲ. ವಯಸ್ಸು, ಊರು, ತಾರೀಖು ಯಾವುದೂ ತಪ್ಪಿರಲಿಲ್ಲ. ಎಲ್ಲ ಕಡೆ ಒಂದೇ ತಪ್ಪು: ಫಾರಮ್ಮಿನಲ್ಲಿ ಖಾಲಿಯಿದ್ದ ಕಾಲಮ್ಮಿನಲ್ಲಿ ಒಂದು ಗಿಡ್ಡ ಗೆರೆ.

ಅವನಿಗೆ ಇದು ಹೊಸದಲ್ಲ. ಎರಡನೆಯ ವಾರವೇ, ಚಹಾ ಹಿಡಿದು ಮೈಲಾರಪ್ಪನವರ ಬೆನ್ನ ಹಿಂದೆ ನಿಂತಾಗ ನೋಡಿದ್ದ. ಖಾಲಿ ಕಾಲಂ ಬಂದಾಗಲೆಲ್ಲ ಅವರ ಬೆರಳು ತಾನಾಗಿ ಹೋಗಿ ಗೆರೆ ಒತ್ತುತ್ತಿತ್ತು. ಕಚೇರಿಯ ಪುಸ್ತಕದಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ನಾಳೆ ಅಲ್ಲಿ ಇನ್ನೊಬ್ಬ ತನ್ನ ಹೆಸರು ಬರೆದು ಹೊಲ ಹೊಡೆದುಕೊಳ್ಳುತ್ತಾನೆ. ಹೇಳಬೇಕೆಂದು ಬಾಯಿ ತೆರೆದಿದ್ದ. ಅಷ್ಟರಲ್ಲಿ ಯಾರೋ ಝೆರಾಕ್ಸಿಗೆ ಬಂದರು. ಮರುದಿನ ಯಾರೂ ಬರಲಿಲ್ಲ. ಆಗಲೂ ಹೇಳಲಿಲ್ಲ.

ಯಾಕೆ? ಮುದುಕರ ಮನಸ್ಸು ನೋಯಬಾರದೆಂದೇ? ಅಲ್ಲ. ಕೆಲಸ ಕೆಡಲಿ ಎಂದೇ? ಅದೂ ಅಲ್ಲ. ಖಾದರ ಕಾರಣವನ್ನು ಪ್ರಾಮಾಣಿಕವಾಗಿ ಹುಡುಕಿದ. ಸಿಗಲಿಲ್ಲ.

ಹತ್ತಕ್ಕೆ ಮೈಲಾರಪ್ಪ ಬಂದರು. ಹಿಂದೆ ಅಜ್ಜಪ್ಪ.

"ಬಂತೇನೋ ಪತ್ರ?" ಅಂದ ಅಜ್ಜಪ್ಪ.

ಖಾದರ ಇ-ಮೇಲನ್ನು ಕನ್ನಡದಲ್ಲಿ ಹೇಳಿದ, ನೋಟೀಸು ಓದುವವನ ಹಾಗೆ. ಮೈಲಾರಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹೆಸರು ತಪ್ಪ್ಯಾವೇನು?"

"ಇಲ್ರಿ ಸರ. ಎಲ್ಲಾ ಬರೋಬ್ಬರಿ ಅದಾವ."

"ಮತ್ತ?"

"ಖಾಲಿ ಇದ್ದದ್ದು ಖಾಲಿನ ಬಿಡಬೇಕಾಗಿತ್ರಿ."

"ಹಂಗ ಬಿಟ್ರ ಯಾರರ ಬರೀತಾರಲ್ಲ."

"ಅಲ್ಲಿ ಯಾರೂ ಬರಿಯಂಗಿಲ್ರಿ."

ಅಜ್ಜಪ್ಪ ಏನೋ ಚೇಷ್ಟೆ ಮಾಡಲು ಹೊರಟವನು ಮೈಲಾರಪ್ಪನವರ ಮುಖ ನೋಡಿ, ಬಜಾರಿನಲ್ಲಿ ಕಡಲೆಯ ದರ ಕೇಳಬೇಕೆಂದು ಹೇಳಿ ಹೋದ. ಉಳಿದ ಮೂವರಿಗೂ ಸುದ್ದಿ ಮುಟ್ಟಿಸುವವನು ಅವನೇ. ಮಧ್ಯಾಹ್ನದೊಳಗೆ ಮುಟ್ಟುತ್ತದೆ.

"ನೀ ನೋಡಿದ್ದಿಲ್ಲೇನು, ಖಾದರ?"

"ಇಲ್ರಿ."

ಸುಳ್ಳು ಸಲೀಸಾಗಿ ಬಂತು. ನಿಜವೂ ಇಷ್ಟೇ ಸಲೀಸಾಗಿ ಬರುತ್ತಿತ್ತೇನೋ. ಮೈಲಾರಪ್ಪ ಅವನನ್ನು ಸ್ವಲ್ಪ ಹೊತ್ತು ನೋಡಿದರು, ತಿದ್ದಿದ ಪಹಣಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಅವರಿಗೆ ಗೊತ್ತಾಯಿತೆಂದು ಖಾದರನಿಗೆ ಗೊತ್ತಾಯಿತು.

"ನಿನಗೂ ನೂರೆಂಟು ಕೆಲಸ ಇರ್ತಾವ," ಅಂದರು. ಆಮೇಲೆ, "ಈಗ ಮನಿಗಿ ಹೋದ್ರ ಕೇಳ್ತಾರ. ಐದರ ತನಕ ಇಲ್ಲೇ ಇರಲೇನು?"

"ಇರ್ರಿ ಸರ."

ಅವರು ತಮ್ಮ ಕಂಪ್ಯೂಟರಿನ ಮುಂದೆ ಕೂತರು. ಚಾಲೂ ಮಾಡಲಿಲ್ಲ. ಕರೆಂಟು ಹೋಯಿತು, ಬಂತು, ಅವರಿಗೆ ವ್ಯತ್ಯಾಸವಾಗಲಿಲ್ಲ. ಒಂದಕ್ಕೆ ಬುತ್ತಿ ಬಿಚ್ಚಿ ಎರಡು ರೊಟ್ಟಿ ಉಂಡು ಕೈ ತೊಳೆದರು. ಖಾದರ ಮೂವರಿಗೆ ಝೆರಾಕ್ಸ್ ಮಾಡಿಕೊಟ್ಟ, ಒಬ್ಬನಿಗೆ ಹತ್ತನೆಯ ಇಯತ್ತೆಯ ಫಲಿತಾಂಶ ತೆಗೆದುಕೊಟ್ಟ. ಹುಡುಗ ಫೇಲಾಗಿದ್ದ. ದುಡ್ಡು ಕೊಟ್ಟು ಹೋದ.

ಐದಕ್ಕೆ ಮೈಲಾರಪ್ಪ ಎದ್ದರು. ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿದರು. ಬುತ್ತಿಯ ಡಬ್ಬಿ ಹಿಡಿದು ಹೊರಟರು.

ಅವರು ಮರೆಯಾದ ಮೇಲೆ ಖಾದರ ಅದೇ ಕಂಪ್ಯೂಟರು ಹಚ್ಚಿ, ಫೈಲು ತೆರೆದ. ಬರೀ ಗೆರೆಯಿರುವ ಕಾಲಮ್ಮುಗಳನ್ನೆಲ್ಲ ಹುಡುಕಿ ಖಾಲಿ ಮಾಡುವ ಆಜ್ಞೆ ಕೊಟ್ಟ. ಗೊತ್ತಿಲ್ಲದ ವಿದ್ಯೆಯೇನಲ್ಲ, ಕಲಿಯಲು ಬಂದವರಿಗೆ ಅವನೇ ಮೊದಲ ವಾರ ಹೇಳಿಕೊಡುತ್ತಿದ್ದ. ಕಳಿಸುವ ಹಿಂದಿನ ದಿನ ಮಾಡಿದ್ದರೂ ಆಗುತ್ತಿತ್ತು.

ಎರಡು ಸೆಕೆಂಡು ಹಿಡಿದಿರಬೇಕು. ಗೆರೆಗಳು ಒಮ್ಮೆಲೇ ಇಲ್ಲವಾದವು. ಕಾಣದ ಊರಿನ ರೋಗಿಗಳ ಹೆಸರಿನ ಪಕ್ಕ ಬಿಳಿ ಚೌಕಗಳು ಕೆಳಗಿಂದ ಮೇಲಿನವರೆಗೆ ತೆರೆದುಕೊಂಡವು. ಪರದೆಯ ನಡುವೆ ಸಣ್ಣದೊಂದು ಪೆಟ್ಟಿಗೆ ಮೂಡಿ, ಅಳಿಸಿದ್ದೆಷ್ಟೆಂದು ತಿಳಿಸಿತು.

ನಾಲ್ಕು ಸಾವಿರದ ಮುನ್ನೂರ ಹದಿನೆಂಟು.